ನಮ್ಮ ಮೆಟಡೋರ್ ಮತ್ತು ದಿಂಬಂ ಘಾಟಿ



ದೇವಾಲಯದ ಹಿಂದಿನ ಶೆಡ್ಡಿನಲ್ಲಿದ್ದ ಹಳೇ ಬಿಳಿ ಮೆಟಡೋರ್ ಓಡಾಡಲು ಶುರುವಾದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. "ಅದಕ್ಕೆ ಏನೇನು ಮಾಡಿಸಿದಿರಿ? ಎಷ್ಟಾಯಿತು? ಘಾಟಿ ಇಳಿಯೋಕೆ ನಂಬಬಹುದಾ?" ಯುವ ಸಂಘದ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ ಇರುವುದರಿಂದ ಉತ್ತರ ಹೇಳುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಇಲ್ಲೇ ಬರೆದುಬಿಡು ಎಂದು ಫಾದರ್ ಹೇಳಿದರು. ಬಿಡಿಭಾಗದ ಹೆಸರು, ಬೆಲೆ, ತಂದ ದಿನ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೆ. ಬರೆಯುತ್ತ ಬರೆಯುತ್ತ ಗಾಡಿಯ ಕೆಲಸವೂ ಸ್ವಲ್ಪ ಅರ್ಥವಾಯಿತು.

ಚಿಕ್ಕವರಿಗೆ ಈ ಗಾಡಿಯ ಹಿಂದಿನ ಕಥೆ ಗೊತ್ತಿಲ್ಲ. ಅದು 1990ರ ಮಾಡೆಲ್. ನಮ್ಮ ಧರ್ಮಕೇಂದ್ರದಲ್ಲಿದ್ದ ಸಿಸ್ಟರ್‌ಗಳು ಅದನ್ನು ಸಂಚಾರಿ ಆಸ್ಪತ್ರೆ ಮಾಡಿಕೊಂಡಿದ್ದರು. ಒಳಗೆ ಎರಡು ಕಡೆ ಮಲಗುವ ಹಲಗೆ, ಔಷಧಿಯ ಕಪಾಟು, ಕೈ ತೊಳೆಯಲು ಸಣ್ಣ ತೊಟ್ಟಿ, ಮೇಲೆ ನೀರಿನ ಟ್ಯಾಂಕು, ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್ ಇಡುವ ಜಾಗ. ಸೋಲಿಗರ ಊರುಗಳಿಗೆ ಹೋದರೆ ಸಿಸ್ಟರ್‌ಗಳು ಎರಡು ಮೂರು ದಿನ ಅದರಲ್ಲೇ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗಿ, ಬೆಳಿಗ್ಗೆ ಅದರಲ್ಲೇ ರೋಗಿಗಳನ್ನು ನೋಡುತ್ತಿದ್ದರಂತೆ. ಹೊರದೇಶದಲ್ಲಿ ಇಂಥದ್ದಕ್ಕೆ ಮೋಟರ್‌ಹೋಮ್ ಅನ್ನುತ್ತಾರೆ. ನಮ್ಮೂರಲ್ಲಿ ಅದು "ಸಿಸ್ಟರಮ್ಮನ ಗಾಡಿ". ಆಸ್ಪತ್ರೆಗೆ ತಲುಪುವ ಮೊದಲೇ ಆ ಗಾಡಿಯಲ್ಲಿ ಹುಟ್ಟಿದವರು ನಮ್ಮ ಸಭೆಯಲ್ಲೇ ಇಬ್ಬರು ಇದ್ದಾರೆ. ಸಿಸ್ಟರ್‌ಗಳು ಬೇರೆ ಕಡೆಗೆ ವರ್ಗವಾದ ಮೇಲೆ ಗಾಡಿ ಶೆಡ್ಡು ಸೇರಿತು. ಹನ್ನೊಂದು ವರ್ಷ ಅಲ್ಲೇ ನಿಂತಿತು. ಕೋಳಿ ಮೊಟ್ಟೆ ಇಟ್ಟಿದ್ದೂ ಉಂಟು.

ಮೆಟಡೋರ್ ಅನ್ನುವ ಹೆಸರು ನಮ್ಮ ಕಡೆ ಎಷ್ಟು ಬೇರೂರಿದೆ ಅಂದರೆ ಯಾವ ವ್ಯಾನ್ ಕಂಡರೂ ಹಿರಿಯರು ಮೆಟಡೋರ್ ಅನ್ನುತ್ತಾರೆ. ಅದನ್ನು ತಯಾರಿಸಿದ್ದು ಪುಣೆಯ ಬಜಾಜ್ ಟೆಂಪೋ ಕಂಪನಿ. ಆ ಕಂಪನಿ 1958ರಲ್ಲಿ ಜರ್ಮನಿಯ ಟೆಂಪೋ ಕಂಪನಿಯ ಸಹಯೋಗದಲ್ಲಿ ಶುರುವಾಯಿತು. 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಾಯಿತು. ನಾವು "ಟೆಂಪೋ ಬಂತು, ಟೆಂಪೋ ಹೋಯಿತು" ಅನ್ನುವ ಮಾತೂ ಅಲ್ಲಿಂದಲೇ ಬಂದದ್ದು. ನಮ್ಮ ಗಾಡಿಯಲ್ಲಿರುವುದು ಮರ್ಸಿಡಿಸ್ ವಿನ್ಯಾಸದ, ನಮ್ಮ ದೇಶದಲ್ಲೇ ತಯಾರಾದ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ನು. ಕಂಪನಿ ಈ ವ್ಯಾನ್ ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾದರೂ ಇಂಜಿನ್ನಿನ ಸಾಮಾನು ಇನ್ನೂ ಸಿಗುತ್ತದೆ.

ಹೋದ ವರ್ಷ ಪಾಸ್ಕ ಹಬ್ಬದ ಮಾರನೆಯ ಭಾನುವಾರ ಫಾದರ್ ಯುವಜನರನ್ನು ಕೂರಿಸಿಕೊಂಡು ಕೇಳಿದರು: "ಗುಜರಿಗೆ ಹಾಕೋಣವಾ, ಎಬ್ಬಿಸೋಣವಾ?" ತಾಳವಾಡಿ ಸೀಮೆಯವರಿಗೆ ಗಾಡಿ ಯಾಕೆ ಬೇಕು ಅನ್ನುವುದನ್ನು ಹೇಳಬೇಕಾಗಿಲ್ಲ. ಹೆಚ್ಚು ಕಾಯಿಲೆಯಾದರೆ ಒಂದೋ ಚಾಮರಾಜನಗರಕ್ಕೆ ಹೋಗಬೇಕು, ಇಲ್ಲವೇ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಬೇಕು. ಸರ್ಕಾರಿ ಕಾಗದ, ಜಿಲ್ಲಾ ಕಚೇರಿ ಎಲ್ಲಾ ಘಾಟಿಯ ಕೆಳಗೆ. ಮಾತು, ನೆಂಟರು, ಸಂತೆ ಎಲ್ಲಾ ಮೇಲೆ. ವಯಸ್ಸಾದವರು ಬಸ್ಸಿನಲ್ಲಿ ಇಪ್ಪತ್ತೇಳು ತಿರುವು ಇಳಿಯುವಷ್ಟರಲ್ಲಿ ಅರ್ಧ ಜೀವ ಆಗಿರುತ್ತಾರೆ. ಮಲಗಿಕೊಂಡು ಹೋಗಲು ಒಂದು ಗಾಡಿ ಇದ್ದರೆ ಅದು ದೊಡ್ಡ ಆಸರೆ. ಎಬ್ಬಿಸೋಣ ಎಂದು ಎಲ್ಲರೂ ಕೈ ಎತ್ತಿದರು.

ಮನೆಗೆ ಬಂದು ಹೇಳಿದಾಗ ನಮ್ಮ ಅಜ್ಜಿ ಒಂದೇ ಮಾತು ಕೇಳಿದಳು: "ಬ್ರೇಕು ಹಿಡೀತದಾ?"

ಅದಕ್ಕೆ ಕಾರಣ ಇದೆ. ನನ್ನ ಚಿಕ್ಕಪ್ಪ ಎಲೆಕೋಸಿನ ಲಾರಿಯಲ್ಲಿ ಕ್ಲೀನರ್ ಆಗಿ ಹೋಗುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮೇಟುಪಾಳ್ಯಂ ಮಂಡಿಗೆ ಹೊರಟ ಲಾರಿ ದಿಂಬಂ ಇಳಿಯುವಾಗ ಒಂದು ತಿರುವಿನಲ್ಲಿ ಬಿತ್ತು. ಡ್ರೈವರ್ ಬದುಕಿದರು, ಚಿಕ್ಕಪ್ಪ ಬದುಕಲಿಲ್ಲ. ಬ್ರೇಕ್ ಹಿಡಿಯಲಿಲ್ಲವಂತೆ, ಅಷ್ಟೇ ನಮಗೆ ತಿಳಿದದ್ದು. ಆವತ್ತಿನಿಂದ ಅಜ್ಜಿ ಘಾಟಿ ಇಳಿದಿರಲಿಲ್ಲ. ವೇಳಾಂಗಣಿ ಮಾತೆಗೆ ಹೊತ್ತ ಹರಕೆಯೊಂದು ತೀರದೆ ಹಾಗೇ ಉಳಿದಿತ್ತು. ಕಣ್ಣಿನ ಆಪರೇಷನ್ನಿಗೂ ಸತ್ಯಮಂಗಲ ಬೇಡ ಎಂದು ಚಾಮರಾಜನಗರಕ್ಕೇ ಹೋಗಿದ್ದಳು. ಅವಳ ಪ್ರಶ್ನೆಗೆ ನಾನು ಆವತ್ತು ಏನೂ ಹೇಳಲಿಲ್ಲ.

ಕೆಲಸಕ್ಕೆ ಸಿಕ್ಕಿದ್ದು ಚಾಮರಾಜನಗರದ ಒಬ್ಬರು ಭಾಯಿ. ವಯಸ್ಸು ಎಪ್ಪತ್ತರ ಹತ್ತಿರ. ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಸಿಸ್ಟರ್‌ಗಳ ಕಾಲದಲ್ಲಿ ಇದೇ ಗಾಡಿಗೆ ಕೈ ಹಾಕಿದವರು ಅವರೇ. ಕೂಲಿ ಮಾತಾಡಲು ಹೋದರೆ, "ಆ ಸಿಸ್ಟರು ನಮ್ಮ ಮನೆಯವಳಿಗೆ ಹೆರಿಗೆ ಮಾಡಿಸಿದ್ರು. ಸಾಮಾನಿನ ದುಡ್ಡು ತನ್ನಿ, ಬಸ್ ಚಾರ್ಜು ಕೊಡಿ, ಊಟ ಹಾಕಿ. ಹುಡುಗರು ಕೈ ಕೊಳೆ ಮಾಡ್ಕೋಬೇಕು, ಅಷ್ಟೇ" ಅಂದರು. ಭಾನುವಾರ ಬಲಿಪೂಜೆ ಮುಗಿಯುವ ಹೊತ್ತಿಗೆ ಅವರು ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು.

ಮೊದಲು ಇಂಧನದ ಕೆಲಸ. ಸ್ಟಾರ್ಟ್ ಮಾಡಿ ನೋಡೋಣ ಎಂದು ನಮ್ಮ ಹುಡುಗರು ಹೊಸ ಬ್ಯಾಟರಿ ತಂದಿದ್ದರು. ಭಾಯಿ ಬ್ಯಾಟರಿ ಮುಟ್ಟಲು ಬಿಡಲಿಲ್ಲ. ಹನ್ನೊಂದು ವರ್ಷದ ಡೀಸೆಲ್ಲನ್ನು ಪಂಪಿಗೆ ಕುಡಿಸಿದರೆ ಪಂಪೇ ಹೋಗುತ್ತದೆ ಅಂದರು. ಟ್ಯಾಂಕಿನ ತಳದ ಬೋಲ್ಟು ಬಿಚ್ಚಿದಾಗ ಮೊದಲು ಬಂದದ್ದು ನೀರು. ನೀರು ಡೀಸೆಲ್ಲಿಗಿಂತ ಭಾರ, ಅದಕ್ಕೇ ಕೆಳಗೆ ಕೂತಿರುತ್ತದೆ. ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯ ತೇವ ರಾತ್ರಿಯ ಚಳಿಗೆ ಹನಿಯಾಗಿ ಇಳಿಯುತ್ತದೆ, ವರ್ಷ ವರ್ಷಕ್ಕೂ ಕೂಡುತ್ತ ಹೋಗುತ್ತದೆ. ನೀರಾದ ಮೇಲೆ ಕಪ್ಪು ಲೋಳೆ ಬಂತು. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಅದರ ಲೋಳೆಯೇ ಇದು ಎಂದು ಭಾಯಿ ತೋರಿಸಿದರು. ಕೊನೆಗೆ ಬಂದದ್ದು ಗೋಂದಿನಂತೆ ಅಂಟುವ ಹಳೇ ಡೀಸೆಲ್ಲು.

ಟ್ಯಾಂಕು ಇಳಿಸಿ, ಒಳಗೆ ಸಣ್ಣ ಜಲ್ಲಿ ಮತ್ತು ಸ್ವಲ್ಪ ಡೀಸೆಲ್ ಹಾಕಿ ಇಬ್ಬಿಬ್ಬರು ಹಿಡಿದು ಅಲ್ಲಾಡಿಸಿದೆವು. ತುಕ್ಕು ಉದುರಿ ಬರುವವರೆಗೆ ಮತ್ತೆ ಮತ್ತೆ ಇದೇ ಕೆಲಸ. ಒಂದು ಮೂಲೆಯಲ್ಲಿ ಸೂಜಿಯಷ್ಟು ತೂತು ಕಂಡಿತು. ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೊರಟ ಹುಡುಗನನ್ನು ಭಾಯಿ ಕೂಗಿ ನಿಲ್ಲಿಸಿದರು. ಇಂಧನದ ಟ್ಯಾಂಕು ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಕಿಡಿ ತಗಲಿದರೆ ಬಾಂಬಿನಂತೆ ಸಿಡಿಯುತ್ತದೆ. ಬಿಸಿನೀರು, ಸೋಪಿನಿಂದ ಹಲವು ಸಲ ತೊಳೆದು, ದಿನಗಟ್ಟಲೆ ಒಣಗಿಸಿ, ಆ ಕೆಲಸ ಬಲ್ಲವರಿಗೇ ಕೊಡಬೇಕು. ನಾವು ಹಾಗೇ ಮಾಡಿದೆವು. ಮನೆಯಲ್ಲಿ ಹಳೇ ಬೈಕಿನ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವವರು ಈ ಮಾತನ್ನು ನೆನಪಿಡಿ.

ಟ್ಯಾಂಕಿನಿಂದ ಇಂಜಿನ್ನಿನವರೆಗಿನ ರಬ್ಬರ್ ಪೈಪುಗಳು ಕೈಯಲ್ಲಿ ಮಡಚಿದರೆ ಬಿರುಕು ಬಿಡುತ್ತಿದ್ದವು. ಡೀಸೆಲ್ ಗಾಡಿಯಲ್ಲಿ ಇಂಥ ಬಿರುಕಿನಿಂದ ಎಣ್ಣೆ ಸೋರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ದೊಡ್ಡ ತೊಂದರೆ. ಪಂಪು ಎಳೆಯುವುದು ಎಣ್ಣೆಯ ಬದಲು ಗಾಳಿಯನ್ನು, ಆಗ ಇಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಪೈಪುಗಳು, ಫಿಲ್ಟರ್, ವಾಷರ್‌ಗಳು ಎಲ್ಲಾ ಹೊಸದು ಹಾಕಿದೆವು. ಡೀಸೆಲ್ ಪಂಪು ಮತ್ತು ನಾಲ್ಕು ನಾಜಲ್‌ಗಳನ್ನು ಮೈಸೂರಿನ ಪಂಪ್ ಸರ್ವಿಸಿಗೆ ಕಳಿಸಿದೆವು. ಆ ನಾಜಲ್ 100 ಬಾರ್‌ಗೂ ಹೆಚ್ಚಿನ ಒತ್ತಡ ಬಂದಾಗ ಮಾತ್ರ ತೆರೆದು ಎಣ್ಣೆಯನ್ನು ಮಂಜಿನಂತೆ ಚಿಮ್ಮುತ್ತದೆ. ನಾಜಲ್ ಕೆಲಸ ಮಾಡುವಾಗ ಎದುರಿಗೆ ಬೆರಳು ಇಡಬಾರದು, ಚರ್ಮವನ್ನೇ ತೂರಿಕೊಂಡು ಒಳಗೆ ಹೋಗುತ್ತದೆ. ಟೆಸ್ಟಿಂಗ್ ಮೇಜಿನ ಮೇಲೆ ನಮ್ಮ ನಾಲ್ಕರಲ್ಲಿ ಎರಡು ಮಂಜಿನ ಬದಲು ತೊಟ್ಟಿಕ್ಕುತ್ತಿದ್ದವಂತೆ.

ಎಲ್ಲವನ್ನೂ ಜೋಡಿಸಿದ ಮೇಲೆ ಗಾಳಿ ತೆಗೆಯುವ ಕೆಲಸ. ಫಿಲ್ಟರಿನ ಮೇಲಿನ ಸ್ಕ್ರೂ ಸ್ವಲ್ಪ ಸಡಿಲಿಸಿ, ಕೈಪಂಪು ಒತ್ತುತ್ತ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಎಣ್ಣೆ. ಆಗ ಸ್ಕ್ರೂ ಬಿಗಿ ಮಾಡಬೇಕು. ಜುಲೈ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಹೀಟರ್ ಪ್ಲಗ್ ಕಾಯಿಸಿ ಕೀಲಿ ತಿರುಗಿಸಿದರು. ಮೂರನೇ ಸಲಕ್ಕೆ ಬಿಳಿ ಹೊಗೆ ಉಗುಳಿ ಇಂಜಿನ್ ಎದ್ದಿತು. ಮಕ್ಕಳು ಕುಣಿದರು. ಅಡುಗೆ ಮಾಡುತ್ತಿದ್ದ ಅಮ್ಮಂದಿರು ಸೌಟು ಹಿಡಿದೇ ಓಡಿ ಬಂದರು. ಮಲಗಿದ್ದ ಹಳಬರೊಬ್ಬರು ಎದ್ದು, "ಸಿಸ್ಟರಮ್ಮನ ಗಾಡಿ ಸದ್ದು ಅಲ್ವಾ ಇದು!" ಎಂದು ಕೋಲು ಊರಿಕೊಂಡು ಬಂದರು.

ಜಗಳ ಶುರುವಾದದ್ದೂ ಆ ಮಧ್ಯಾಹ್ನವೇ.

ವೇಳಾಂಗಣಿಯ ಹಬ್ಬ ಆಗಸ್ಟ್ 29ಕ್ಕೆ ಧ್ವಜಾರೋಹಣದಿಂದ ಶುರುವಾಗಿ ಸೆಪ್ಟೆಂಬರ್ 8ರವರೆಗೆ ನಡೆಯುತ್ತದೆ. ಇನ್ನು ಒಂದೂವರೆ ತಿಂಗಳಿದೆ. ಗಾಡಿ ಓಡುತ್ತಿದೆ. ಹನ್ನೆರಡು ಜನರನ್ನು ಇದರಲ್ಲೇ ಕರೆದುಕೊಂಡು ಹೋದರೆ ಬಸ್ ಖರ್ಚು ಉಳಿಯುತ್ತದೆ, ದಾರಿಯಲ್ಲಿ ಇದರಲ್ಲೇ ಮಲಗಬಹುದು. ನಮ್ಮ ಸಂಘದ ಅಧ್ಯಕ್ಷ ಹೀಗೆ ಹೇಳಿದಾಗ ಎಲ್ಲರಿಗೂ ಸರಿ ಅನ್ನಿಸಿತು. ಅವನ ಮಾತಿನಲ್ಲಿ ಸ್ವಾರ್ಥ ಇರಲಿಲ್ಲ. ಬಸ್ಸಿನಲ್ಲಿ ಕೂರಲಾಗದ ತನ್ನ ತಾಯಿಯನ್ನು ಕರೆದುಕೊಂಡು ಹೋಗಬೇಕು ಎಂಬ ಆಸೆ ಅವನದ್ದು. ಬ್ರೇಕ್ ಒತ್ತಿ ನೋಡಿದ, ಗಾಡಿ ಅಂಗಳದಲ್ಲಿ ನಿಂತಿತು. "ಹಿಡೀತದಲ್ಲ ಭಾಯಿ, ಎಣ್ಣೆ ಬದಲಾಯಿಸಿದ್ರೆ ಸಾಕಲ್ವಾ?" ಅಂದ.

ಭಾಯಿ ಗಾಡಿಯ ಕೆಳಗೆ ತೂರಿ ಹೊರಗೆ ಬಂದು ಹೇಳಿದ ಮಾತನ್ನು ನಾನು ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡಿದ್ದೇನೆ. "ನೋಡು ತಮ್ಮ, ಇಂಜಿನ್ ಕೆಟ್ರೆ ದಾರೀಲಿ ನಿಂತ್ಕೋತೀರಿ. ಬ್ರೇಕ್ ಕೆಟ್ರೆ ನಿಂತ್ಕೊಳಕ್ಕೇ ಆಗಲ್ಲ. ಅಂಗಳದಾಗೆ ಹಿಡಿಯೋ ಬ್ರೇಕು ಘಾಟೀಲಿ ಹಿಡೀತದೆ ಅಂತ ಯಾರು ಹೇಳಿದ್ದು?"

ಆ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿರಬೇಕು. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಒಳಗಿನ ಪಿಸ್ಟನ್ನು ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆ ಒತ್ತಡ ಸಣ್ಣ ಉಕ್ಕಿನ ಪೈಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಹೋಗಿ, ವೀಲ್ ಸಿಲಿಂಡರಿನ ಪಿಸ್ಟನ್‌ಗಳನ್ನು ಹೊರಗೆ ನೂಕುತ್ತದೆ. ಅವು ಲೈನರ್‌ಗಳನ್ನು ತಿರುಗುವ ಡ್ರಮ್ಮಿಗೆ ಒತ್ತಿ ಹಿಡಿಯುತ್ತವೆ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲಾ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ನಿಯಮ ಇದರ ಬುಡ. ಶಾಲೆಯಲ್ಲಿ ಪ್ಯಾಸ್ಕಲ್ ನಿಯಮ ಎಂದು ಓದಿದ್ದೇವಲ್ಲ, ಅದೇ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (1623–1662) ಗಣಿತಜ್ಞ ಮಾತ್ರವಲ್ಲ, ಆಳವಾದ ವಿಶ್ವಾಸಿಯೂ ಹೌದು. 1654ರ ನವೆಂಬರ್ 23ರ ರಾತ್ರಿ ತನಗಾದ ದೇವಾನುಭವವನ್ನು ಬರೆದು, ಆ ಬರಹವನ್ನು ಅಂಗಿಯ ಒಳಪದರದಲ್ಲಿ ಹೊಲಿದಿಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆಯೇ ಅದು ಬೇರೆಯವರಿಗೆ ಸಿಕ್ಕಿದ್ದು. ವಿಜ್ಞಾನ ಓದಿದರೆ ವಿಶ್ವಾಸ ಹೋಗುತ್ತದೆ ಎಂದು ಹೆದರುವ ತಂದೆತಾಯಿಯರಿಗೆ ನಾನು ಪ್ಯಾಸ್ಕಲ್ ಹೆಸರು ಹೇಳುತ್ತೇನೆ.

ಬ್ರೇಕ್ ಆಯಿಲಿಗೆ ಒಂದು ಗುಣ ಇದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬಿಯ ಮೇಲೆ ಡಾಟ್ 3 ಎಂದು ಬರೆದ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂದು ನಿಯಮ. ನೀರಿನಂಶ ಸೇರಿದ ಆಯಿಲಿಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಹನ್ನೊಂದು ವರ್ಷದ ಆಯಿಲ್ ಅದಕ್ಕಿಂತಲೂ ಕೆಳಗೆ ಹೋಗಿರಬಹುದು. ಈಗ ಘಾಟಿ ಇಳಿಯುವ ಗಾಡಿಯನ್ನು ನೆನೆಸಿಕೊಳ್ಳಿ. ತಿರುವು ತಿರುವಿಗೂ ಬ್ರೇಕ್ ಒತ್ತಿ ಒತ್ತಿ ಡ್ರಮ್ಮು ಕಾದು ಕೆಂಡವಾಗುತ್ತದೆ. ಆ ಕಾವಿಗೆ ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಸ್ಪಂಜಿನಂತೆ ಅದುಮಬಹುದು. ಆಗ ಪೆಡಲ್ ನೆಲ ಮುಟ್ಟುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಮೊದಲ ಹತ್ತು ತಿರುವಿನಲ್ಲಿ ಸರಿಯಾಗಿ ಹಿಡಿದ ಬ್ರೇಕು ಹನ್ನೊಂದನೆಯದರಲ್ಲಿ ಇಲ್ಲವಾಗುವುದು ಹೀಗೆ. ಭಾಯಿ ಇದನ್ನು ಹೇಳುವಾಗ ನಾನು ಬರೆಯುವುದನ್ನು ನಿಲ್ಲಿಸಿದ್ದೆ. ಚಿಕ್ಕಪ್ಪನ ಲಾರಿಗೆ ಏನಾಯಿತೋ ಯಾರಿಗೂ ಗೊತ್ತಿಲ್ಲ. ಆದರೆ "ಬ್ರೇಕ್ ಹಿಡಿಯಲಿಲ್ಲ" ಅನ್ನುವ ಮಾತಿನ ಒಳಗೆ ಏನಿರಬಹುದು ಎಂದು ಮೊದಲ ಸಲ ತಿಳಿಯಿತು.

ಗಾಡಿಯ ಕೆಳಗೆ ಭಾಯಿ ಕಂಡದ್ದು ಇಷ್ಟು. ಉಕ್ಕಿನ ಪೈಪನ್ನು ಕ್ಲಿಪ್ಪು ಹಿಡಿದಿರುವ ಕಡೆಯೆಲ್ಲ ತುಕ್ಕು ತಿಂದು ಕಾಗದದಷ್ಟು ತೆಳ್ಳಗಾಗಿತ್ತು. ಹಿಂದಿನ ಎರಡು ವೀಲ್ ಸಿಲಿಂಡರ್ ಜಾಮ್ ಆಗಿದ್ದವು. ಮುಂದಿನ ಒಂದು ಸೋರಿ ಲೈನರೆಲ್ಲ ಎಣ್ಣೆ ಕುಡಿದಿತ್ತು. ಅಂದರೆ ಅಂಗಳದಲ್ಲಿ ಗಾಡಿಯನ್ನು ನಿಲ್ಲಿಸಿದ್ದು ನಾಲ್ಕರಲ್ಲಿ ಒಂದೇ ಚಕ್ರ.

ಇನ್ನು ದುಡ್ಡಿನ ಮಾತು. ನಾವು ಕೂಡಿಸಿದ್ದು 38,000 ರೂಪಾಯಿ. ಇಂಧನದ ಕೆಲಸಕ್ಕೆ 23,000 ಹೋಗಿತ್ತು. ಉಳಿದದ್ದು 15,000. ಬ್ರೇಕಿಗೆ ಭಾಯಿ ಹೇಳಿದ ಅಂದಾಜು 26,000. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವ ಸಾಮತಿಯನ್ನು ಪ್ರಭು ಹೇಳಿದ್ದಾರಲ್ಲ, ಆ ವಾರವೆಲ್ಲ ನನಗೆ ಅದೇ ನೆನಪು. ಸಭೆ ಸೇರಿದಾಗ ಮೂರು ಮಾತು ಬಂದವು. ಪೈಪು ಈಗ ಬೇಡ, ಸಿಲಿಂಡರ್ ಮಾತ್ರ ಮಾಡಿಸೋಣ ಅಂದರು ಕೆಲವರು. ಸಾಲ ಮಾಡೋಣ ಅಂದರು ಕೆಲವರು. ಹಬ್ಬ ಮುಗಿಯಲಿ, ಆಮೇಲೆ ಪೂರ್ತಿ ಮಾಡಿಸೋಣ ಅಂದದ್ದು ಅಧ್ಯಕ್ಷ. ಫಾದರ್ ಯಾರ ಮಾತನ್ನೂ ತಳ್ಳಲಿಲ್ಲ. "ಭಾಯಿ ಈ ಗಾಡಿಯಲ್ಲಿ ತಮ್ಮ ಮೊಮ್ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತೇನೆ ಅನ್ನುವ ದಿನ ನಾವೂ ಇಳಿಯೋಣ" ಎಂದಷ್ಟೇ ಹೇಳಿದರು. ಆ ಸೆಪ್ಟೆಂಬರಿನಲ್ಲಿ ವೇಳಾಂಗಣಿಗೆ ಹೋದವರು ಬಸ್ಸಿನಲ್ಲೇ ಹೋದರು. ಅಧ್ಯಕ್ಷನ ತಾಯಿ ಹೋಗಲಿಲ್ಲ. ಅವನು ಎರಡು ಭಾನುವಾರ ಶೆಡ್ಡಿನ ಕಡೆ ಬರಲಿಲ್ಲ.

ದುಡ್ಡು ಬಂದದ್ದು ನಾವು ನೆನೆಸದ ಕಡೆಯಿಂದ. ಮಹಿಳಾ ಸಂಘದವರು ಹಬ್ಬದ ದಿನ ದೇವಾಲಯದ ಮುಂದೆ ಟೀ, ಬೋಂಡ ಮಾರಿ ಬಂದ 8,000 ರೂಪಾಯಿಯನ್ನು ಒಂದು ಕರ್ಚೀಫಿನಲ್ಲಿ ಕಟ್ಟಿ ಕೊಟ್ಟರು. ಉಳಿದ 3,000 ಹಳೇ ಪೇಪರ್, ಬಾಟಲಿ ಕೂಡಿಸಿ ಮಾರಿದ್ದರಿಂದ ಬಂತು. ಪೈಪು, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರಿನ ಕಿಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದವು.

ಡ್ರಮ್ ಬಿಚ್ಚುವ ದಿನ ಭಾಯಿ ಎಲ್ಲರಿಗೂ ಮುಖಕ್ಕೆ ಬಟ್ಟೆ ಕಟ್ಟಿಸಿ, ಧೂಳಿನ ಮೇಲೆ ನೀರು ಚಿಮುಕಿಸಿದರು. ಹಳೇ ಲೈನರ್‌ಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಎದೆಗೆ ಹೋದರೆ ಆಮೇಲೆ ಎಂದೋ ಕ್ಯಾನ್ಸರ್ ಆಗಬಹುದು. ಗಾಳಿ ಹೊಡೆದು ಧೂಳು ಹಾರಿಸುವುದು ಗ್ಯಾರೇಜುಗಳಲ್ಲಿ ಈಗಲೂ ನಡೆಯುತ್ತದೆ, ನೀವು ಮಾಡಬೇಡಿ. ಇನ್ನೊಂದು ಮಾತು, ಬ್ರೇಕಿನ ರಬ್ಬರ್ ವಾಷರ್‌ಗಳನ್ನು ಡೀಸೆಲ್, ಪೆಟ್ರೋಲಿನಲ್ಲಿ ತೊಳೆಯಬಾರದು. ಉಬ್ಬಿಕೊಂಡು ಸಿಲಿಂಡರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು.

ಎಲ್ಲಾ ಜೋಡಿಸಿದ ಮೇಲೆ ಇಲ್ಲಿಯೂ ಗಾಳಿ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಬೇಕು, ನಮ್ಮ ಗಾಡಿಯಲ್ಲಿ ಅದು ಹಿಂದಿನ ಎಡಚಕ್ರ. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲು ಮೇಲಿನವರು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಇಬ್ಬರಿಗೂ ಒಬ್ಬರು ಇನ್ನೊಬ್ಬರಿಗೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. "ಈ ಕೆಲಸಕ್ಕೆ ಶಕ್ತಿ ಬೇಡ, ಕಿವಿ ಬೇಕು" ಎಂದು ಭಾಯಿ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ಪೆಡಲ್ ಮೇಲೆ ಕೂತದ್ದು ಅಧ್ಯಕ್ಷ. ಮೂರನೇ ಭಾನುವಾರ ಅವನಾಗಿಯೇ ಬಂದಿದ್ದ. "ಒತ್ತು", "ಒತ್ತಿದೆ", "ಹಿಡಿ", "ಹಿಡಿದೆ", "ಬಿಡು". ಮಧ್ಯಾಹ್ನ ಎರಡರಿಂದ ಕತ್ತಲಾಗುವವರೆಗೆ ನಾವಿಬ್ಬರು ಆಡಿದ್ದು ಇಷ್ಟೇ ಮಾತು. ಕೊನೆಯ ಚಕ್ರ ಮುಗಿದಾಗ ಅವನು ಪೆಡಲ್ ಒತ್ತಿ, "ಕಲ್ಲಾಗಿದೆ ಕಣೇ" ಅಂದ. ಆ ಎರಡು ವಾರದ ಬಗ್ಗೆ ನಾವು ಯಾರೂ ಕೇಳಲಿಲ್ಲ.

ಮುಂದಿನ ವಾರಗಳಲ್ಲಿ ಅಂಗಳ, ಆಮೇಲೆ ತಾಳವಾಡಿಯ ಬಯಲು ರಸ್ತೆ, ಆಮೇಲೆ ಮರಳಿನ ಚೀಲ ತುಂಬಿಕೊಂಡು ಸಣ್ಣ ಇಳಿಜಾರು. ಪ್ರತಿ ಸಲವೂ ಕೆಳಗೆ ಬಗ್ಗಿ ಪೈಪಿನ ಕೂಡುಗಳನ್ನು ಒಣ ಕಾಗದದಿಂದ ಒರೆಸಿ ನೋಡಿದೆವು. ಬ್ರೇಕ್ ಇನ್ಸ್‌ಪೆಕ್ಟರ್ ನೋಡಿ ಎಫ್‌ಸಿ ಕೊಟ್ಟರು. ಇನ್ಶೂರೆನ್ಸ್ ಕಟ್ಟಿದೆವು. ಡ್ಯಾಶ್‌ಬೋರ್ಡಿನ ಮೇಲಿದ್ದ ಸಂತ ಕ್ರಿಸ್ತೋಫರರ ಹಳೇ ಪಟವನ್ನು ಒರೆಸಿ ಅಲ್ಲೇ ಇಟ್ಟೆವು. ಫಾದರ್ ಗಾಡಿಯನ್ನು ಆಶೀರ್ವದಿಸಿದ್ದು ಎಲ್ಲಾ ಪರೀಕ್ಷೆ ಮುಗಿದ ಮೇಲೆ.

ನವೆಂಬರ್ ನಮಗೆ ಸತ್ತವರನ್ನು ನೆನೆಯುವ ತಿಂಗಳು. ಎರಡನೇ ತಾರೀಕು ಸಮಾಧಿಗಳ ಆಶೀರ್ವಾದ ಮುಗಿಸಿ ಬರುವಾಗ ಅಜ್ಜಿ, "ಆ ಗಾಡೀಲಿ ಒಂದಪ ಕೆಳಕ್ಕೆ ಹೋಗ್ಬಂದ್ರೆ ಆಯ್ತದಾ ಕೂಸೇ?" ಅಂದಳು. ನಾನು ಭಾಯಿಗೆ ಫೋನ್ ಮಾಡಿದೆ. ಅವರು ಮುಂದಿನ ಶನಿವಾರವೇ ಬಂದರು, ಎಂಟು ವರ್ಷದ ಮೊಮ್ಮಗನನ್ನೂ ಕರೆದುಕೊಂಡು ಬಂದಿದ್ದರು. ಫಾದರ್ ಅದನ್ನು ನೋಡಿ ನಕ್ಕರು.

ದಿಂಬಂನಲ್ಲಿ ಗಾಡಿ ನಿಲ್ಲಿಸಿ ಭಾಯಿ ಎರಡನೇ ಗೇರ್ ಹಾಕಿದರು. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಭಾರವನ್ನು ಇಂಜಿನ್ನೇ ಹಿಡಿದಿಡಬೇಕು, ಬ್ರೇಕು ತಿರುವಿಗೆ ಮಾತ್ರ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವವರು ಉಳಿಸುವುದು ನಾಲ್ಕು ಕಾಸು. ಅಜ್ಜಿ ಹಿಂದಿನ ಹಲಗೆಯ ಮೇಲೆ ಮಲಗಲಿಲ್ಲ, ಕಿಟಕಿ ಪಕ್ಕ ಕೂತು ಜಪಸರ ಹಿಡಿದಳು. ಎದುರಿಗೆ ಲಾರಿ ಬಂದಾಗಲೆಲ್ಲ ಭಾಯಿ ನಿಂತು ದಾರಿ ಕೊಟ್ಟರು. ಚಿಕ್ಕಪ್ಪ ಬಿದ್ದ ತಿರುವು ಬಂತು. ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಅಜ್ಜಿ ಕಣ್ಣು ಮುಚ್ಚಲಿಲ್ಲ, ಕಣಿವೆಯ ಕಡೆ ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು. ಅವನ ಹೆಸರನ್ನು ಜೋರಾಗಿಯೇ ಹೇಳಿದಳು. ನಮ್ಮ ಮನೆಯಲ್ಲಿ ಆ ಹೆಸರನ್ನು ಅಷ್ಟು ಜೋರಾಗಿ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಬನ್ನಾರಿಯಲ್ಲಿ ಇಳಿದ ಮೇಲೆ ಭಾಯಿ ನಾಲ್ಕೂ ಚಕ್ರದ ಹತ್ತಿರ ಅಂಗೈ ತಂದು ಕಾವು ನೋಡಿದರು. ನಾಲ್ಕೂ ಒಂದೇ ಸಮ ಬಿಸಿ ಇದ್ದವು. ಅಂದರೆ ನಾಲ್ಕೂ ಚಕ್ರ ಸಮನಾಗಿ ದುಡಿದಿವೆ ಎಂದು ಅರ್ಥ. ಸಂತ ಪೌಲರು ಒಂದೇ ದೇಹದ ಹಲವು ಅಂಗಗಳ ಬಗ್ಗೆ ಕೊರಿಂಥದವರಿಗೆ ಬರೆದದ್ದನ್ನು ಧರ್ಮೋಪದೇಶದ ಕ್ಲಾಸಿನಲ್ಲಿ ಹೇಳಿಕೊಡುವಾಗ ನಾನು ಈಗ ಈ ಗಾಡಿಯನ್ನೇ ಉದಾಹರಣೆ ಕೊಡುತ್ತೇನೆ. ಒಂದು ಚಕ್ರ ಮಾತ್ರ ಹಿಡಿಯುವ ಗಾಡಿ ಅಂಗಳದಲ್ಲಿ ನಿಲ್ಲಬಹುದು, ಘಾಟಿಯಲ್ಲಿ ನಿಲ್ಲುವುದಿಲ್ಲ. ಧರ್ಮಕೇಂದ್ರವೂ ಹಾಗೆಯೇ. ಹತ್ತು ಕನ್ಯೆಯರ ಸಾಮತಿಯಲ್ಲಿ ಎಣ್ಣೆ ಇಟ್ಟುಕೊಂಡಿದ್ದವರು ರಾತ್ರಿ ಬರುವ ಮೊದಲೇ ಸಿದ್ಧ ಮಾಡಿಕೊಂಡಿದ್ದರು. ಕರೆ ಬಂದ ಮೇಲೆ ಪೈಪು ಬದಲಾಯಿಸಲು ಆಗುವುದಿಲ್ಲ.

ಮಿತ್ರರೇ, ನಮ್ಮಲ್ಲಿ ಎಲ್ಲರ ಹತ್ತಿರವೂ ಈಗ ಬೈಕ್ ಇದೆ. ಡಿಸ್ಕ್ ಬ್ರೇಕ್ ಇರುವವರು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ, ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಕಾಯಬೇಡಿ. ತೆರೆದಿಟ್ಟ ಹಳೇ ಡಬ್ಬಿಯ ಆಯಿಲ್ ಹಾಕಿಸಬೇಡಿ. ಪೆಡಲ್ ಅಥವಾ ಲಿವರ್ ಸ್ಪಂಜಿನಂತೆ ಮೆತ್ತಗೆ ಅನ್ನಿಸಿದರೆ ಅವತ್ತು ಘಾಟಿಗೆ ಹೋಗಬೇಡಿ.

ಗಾಡಿಯ ಕೆಲಸ ಇನ್ನೂ ಇದೆ. ಹ್ಯಾಂಡ್ ಬ್ರೇಕಿನ ವೈರು ಬದಲಾಯಿಸಬೇಕು, ಮೇಲಿನ ನೀರಿನ ಟ್ಯಾಂಕು ಸೋರುತ್ತದೆ, ಮಲಗುವ ಹಲಗೆಗೆ ಹೊಸ ಹಾಸಿಗೆ ಹೊಲಿಸಬೇಕು. ಈ ಭಾನುವಾರ ಎರಡನೇ ಬಲಿಪೂಜೆ ಮುಗಿದ ಮೇಲೆ ಶೆಡ್ಡಿಗೆ ಬನ್ನಿ, ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ಕಾಯಿಲೆಯವರನ್ನು ಸತ್ಯಮಂಗಲಕ್ಕೆ ಕರೆದುಕೊಂಡು ಹೋಗಬೇಕಾದವರು ಎರಡು ದಿನ ಮುಂಚೆ ಫಾದರ್ ಹತ್ತಿರ ಹೆಸರು ಬರೆಸಿ. ಮುಂದಿನ ಸೆಪ್ಟೆಂಬರಿನ ವೇಳಾಂಗಣಿ ಪಟ್ಟಿಗೆ ಈಗಾಗಲೇ ಎರಡು ಹೆಸರು ಬಂದಿವೆ. ಮೊದಲನೆಯದು ಅಧ್ಯಕ್ಷನ ತಾಯಿಯದು, ಎರಡನೆಯದು ನಮ್ಮ ಅಜ್ಜಿಯದು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.